ಸಂಪಾದಕರ ಉತ್ತರ: ಕುಬೇರನ ಬಾಕಿ

ಮುಳಬಾಗಿಲಿನಲ್ಲಿ ಪಾತ್ರೆ ಅಂಗಡಿ ನಡೆಸುವ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮೂರು ವರ್ಷದ ಹಿಂದೆ ಹಿತ್ತಾಳೆಯ ಕುಬೇರನನ್ನೂ ತಾಮ್ರದ ತಗಡಿನ ಕುಬೇರ ಯಂತ್ರವನ್ನೂ ತಂದು ಅಂಗಡಿಯ ಉತ್ತರದ ಗೋಡೆಗೆ ಇಟ್ಟರಂತೆ. ವ್ಯಾಪಾರ ಇದ್ದಲ್ಲೇ ಇದೆ. ಪಕ್ಕದ ಮೊಬೈಲ್ ಅಂಗಡಿಯವರು ‘ಈಗ ಇದು ನಡೆಯುವುದಿಲ್ಲ, ನಗುವ ಕುಬೇರನನ್ನು ತನ್ನಿ’ ಎಂದರಂತೆ. ಎಂಜಿನಿಯರಿಂಗ್ ಓದುವ ಮಗ ‘ಎರಡನ್ನೂ ತೂಕಕ್ಕೆ ಹಾಕಿ, ಅಷ್ಟಾದರೂ ದುಡ್ಡು ಹುಟ್ಟುತ್ತದೆ’ ಎಂದನಂತೆ. ಕೊನೆಗೆ ಕೇಳಿದ್ದಾರೆ: ‘ಊರಿಗೊಂದು ಗುಡಿಯೂ ಇಲ್ಲದ ಈ ಕುಬೇರ ನಿಜಕ್ಕೂ ನಮ್ಮ ದೇವರೇ, ಇಲ್ಲ ಮಾರುವವರು ಹುಟ್ಟಿಸಿದ್ದೇ?’

ಸ್ವಾಮಿ, ಮೊದಲು ನಿಮ್ಮ ಮಗನ ಮಾತಿಗೆ ತಲೆದೂಗಿಬಿಡುತ್ತೇನೆ. ಹಿತ್ತಾಳೆ ಗಿರಾಕಿಯನ್ನು ಕರೆತರುವುದಿಲ್ಲ. ಹುಡುಗ ಹೇಳಿದ್ದು ಸರಿ, ಅವನಿಗೆ ಇಷ್ಟು ಸಾಕು. ಆ ನಗುವವನ ವಿಷಯವೂ ಎರಡೇ ಮಾತು. ಜೋಳಿಗೆ ಹೊತ್ತ ಡೊಳ್ಳುಹೊಟ್ಟೆಯ ಆ ಮನುಷ್ಯ ಚೀನಾದ ಬುದಾಯಿ ಎಂಬ ಭಿಕ್ಷು. ಮೈತ್ರೇಯ ಬುದ್ಧನೇ ಹಾಗೆ ಬಂದನೆಂದು ಅಲ್ಲಿಯವರು ನಂಬುತ್ತಾರೆ. ಅವನ ಆಸ್ತಿಯೆಲ್ಲ ಆ ಬಟ್ಟೆಯ ಚೀಲದಲ್ಲಿದೆ. ಭಿಕ್ಷೆ ಬೇಡಿದವನ ಕೈಗೆ ಖಜಾನೆಯ ಬೀಗದ ಕೈ ಕೊಟ್ಟವರು ನಮ್ಮ ಫ್ಯಾನ್ಸಿ ಸ್ಟೋರಿನವರು.

ಆದರೆ ಕುಬೇರ ನಮ್ಮವನೇ ಎಂದು ಕೇಳುತ್ತೀರಲ್ಲ, ಅದೂ ಮುಳಬಾಗಿಲಿನಲ್ಲಿ ಕುಳಿತು! ನಿಮ್ಮದೇ ತಾಲ್ಲೂಕಿನ ಆವನಿಗೆ ಒಂದು ಭಾನುವಾರ ಹೋಗಿ ಬನ್ನಿ. ಲಕ್ಷ್ಮಣೇಶ್ವರ ಗುಡಿಯ ಒಳಗೆ ನಿಂತು ಕತ್ತೆತ್ತಿ. ನೊಳಂಬರ ಕಾಲದ ಆ ಛಾವಣಿಯ ನಡುವೆ ಉಮಾಮಹೇಶ್ವರ, ಸುತ್ತಲೂ ದಿಕ್ಪಾಲಕರು. ಅವರಲ್ಲಿ ಉತ್ತರ ದಿಕ್ಕಿನವನೇ ನಿಮ್ಮ ಹಿತ್ತಾಳೆಯವನ ಮೂಲಪುರುಷ. ಅದನ್ನು ನೋಡಲು ಹೋಗಿ ನಾನು ಎರಡು ದಿನ ಕತ್ತಿಗೆ ಅಮೃತಾಂಜನ ಹಚ್ಚಿಕೊಂಡಿದ್ದೆ. ಸಾವಿರ ವರ್ಷದಿಂದ ಒಬ್ಬನು ತಲೆಯ ಮೇಲೇ ಕುಳಿತಿದ್ದರೂ ನಾವು ತಲೆ ಎತ್ತದಿದ್ದರೆ ತಪ್ಪು ಯಾರದು?

ಗುಡಿ ಇಲ್ಲ ಎಂದಿರಿ. ಯಾವ ಗುಡಿಯಲ್ಲಿ ಬೇಕಾದರೂ ಮಂತ್ರಪುಷ್ಪದ ಹೊತ್ತಿಗೆ ಕಿವಿಗೊಟ್ಟು ಕೇಳಿ. ಅರ್ಚಕರು ‘ರಾಜಾಧಿರಾಜಾಯ ಪ್ರಸಹ್ಯಸಾಹಿನೇ’ ಎಂದು ಶುರುಮಾಡುತ್ತಾರೆ, ‘ಕುಬೇರಾಯ ವೈಶ್ರವಣಾಯ ಮಹಾರಾಜಾಯ ನಮಃ’ ಎಂದು ಮುಗಿಸುತ್ತಾರೆ. ತೈತ್ತಿರೀಯ ಆರಣ್ಯಕದ ಸಾಲುಗಳಿವು. ಗರ್ಭಗುಡಿಯಲ್ಲಿ ಶಿವನಿರಲಿ, ವಿಷ್ಣುವಿರಲಿ, ನಮಸ್ಕಾರ ಸಲ್ಲುತ್ತಿರುವುದು ಇವನಿಗೆ. ನಮ್ಮ ಲಕ್ಷ್ಯವೆಲ್ಲ ಆಗ ಹೊರಗೆ ಬಿಟ್ಟ ಚಪ್ಪಲಿಯ ಮೇಲಿರುತ್ತದೆ.

ಸಿರಿ ಕೊಡುವ ದೇವತೆ ಬೇಕೆಂದರೆ ಲಕ್ಷ್ಮಿ ಇದ್ದಾಳೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಶುಕ್ರವಾರ ಹೋಗುವ ಬಸ್ಸುಗಳನ್ನು ನೋಡಿದರೆ ಗೊತ್ತಾಗುತ್ತದೆ. ಆಕೆಗೆ ಕೈ ಮುಗಿದೇ ಹೇಳುತ್ತೇನೆ, ಆಕೆ ಚಂಚಲೆ. ಬರುವುದೂ ಗೊತ್ತು, ಹೊರಡುವುದೂ ಗೊತ್ತು. ಕುಬೇರನ ಕಸುಬೇ ಬೇರೆ. ಅಥರ್ವವೇದದಲ್ಲಿ ಅವನ ಹೆಸರು ಬರುವುದು ಮರೆಮಾಚುವ ವಿದ್ಯೆಯ ಜೊತೆ. ಶತಪಥ ಬ್ರಾಹ್ಮಣದಲ್ಲಂತೂ ಅವನು ರಾಕ್ಷಸರಿಗೂ ಕಳ್ಳಕಾಕರಿಗೂ ದೊರೆ. ನೆಲದಡಿ ಅಡಗಿದ್ದಕ್ಕೆಲ್ಲ ಅವನು ಒಡೆಯ, ಯಕ್ಷರು ಕಾವಲಿನವರು. ಇಪ್ಪತ್ತು ವರ್ಷದಿಂದ ಈ ಮಾತು ಹೇಳಿ ಹೇಳಿ ನನ್ನ ಮನೆಯವರಿಗೇ ಬೇಸರ ಬಂದಿದೆ: ಕುಬೇರ ಕಾಯುವ ದೇವರು, ಬಾಕಿ ಬರೆದಿಡುವ ದೇವರು.

ಕಥೆಗಳನ್ನೇ ನೋಡಿ. ಲಂಕೆ ಮೊದಲು ಅವನದು. ಮಲತಮ್ಮ ರಾವಣ ಊರನ್ನೂ ಕಿತ್ತುಕೊಂಡ, ಪುಷ್ಪಕ ವಿಮಾನವನ್ನೂ ಕಿತ್ತುಕೊಂಡ, ಏನಾದನೆಂದು ಹೇಳಬೇಕಾಗಿಲ್ಲ. ರಾಮ ಅದೇ ವಿಮಾನದಲ್ಲಿ ಹಿಂತಿರುಗಿದ, ಇಳಿದ ಕೂಡಲೇ ‘ನಿನ್ನ ಒಡೆಯನ ಹತ್ತಿರ ಹೋಗು’ ಎಂದು ಅದನ್ನು ಕುಬೇರನಿಗೆ ಕಳಿಸಿಕೊಟ್ಟ. ಗೆದ್ದವನು ಇಟ್ಟುಕೊಂಡಿದ್ದರೆ ಕೇಳುವವರು ಯಾರಿದ್ದರು? ಇನ್ನು ತಿರುಪತಿ ತಿಮ್ಮಪ್ಪ. ಮದುವೆಗೆ ಕುಬೇರನಿಂದ ಸಾಲ ತೆಗೆದ, ಸಾಲಪತ್ರಕ್ಕೆ ಬ್ರಹ್ಮ, ಶಿವರ ಜೊತೆಗೆ ಅರಳಿಮರವೂ ಸಾಕ್ಷಿ, ಕಲಿಯುಗ ಮುಗಿಯುವವರೆಗೆ ಬಡ್ಡಿ. ನಮ್ಮ ಕಡೆ ತೆಲುಗು ಮಾತಾಡುವವರು ಸ್ವಾಮಿಯನ್ನು ‘ವಡ್ಡಿ ಕಾಸುಲವಾಡು’ ಎನ್ನುವುದನ್ನು ನೀವೂ ಕೇಳಿದ್ದೀರಿ. ಮುಡಿಪು ಕಟ್ಟಿಕೊಂಡು ನಿಮ್ಮ ಊರಿನ ಮೇಲೇ ಹಾದುಹೋಗುವ ಜನರೆಲ್ಲ ಆ ಸಾಲದ ಕಂತು ಹೊತ್ತವರು. ದೇವರಿಗೇ ಸಾಲಮನ್ನಾ ಮಾಡದವನು ನಿಮಗೆ ಮೂರು ವರ್ಷಕ್ಕೆ ಪುಕ್ಕಟೆ ಲಾಭ ಕೊಡುತ್ತಾನೆಯೇ?

ನನ್ನ ತಾತನದು ದಿನಸಿ ಅಂಗಡಿ. ದೀಪಾವಳಿಯ ಸಂಜೆ ಕೆಂಪು ಬಟ್ಟೆಯ ರಟ್ಟಿನ ಹೊಸ ಕಿರ್ದಿ ಪುಸ್ತಕಕ್ಕೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ, ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದು, ಹಳೆಯ ಬಾಕಿಗಳನ್ನು ಒಂದೊಂದಾಗಿ ಎತ್ತಿ ಬರೆಯುತ್ತಿದ್ದರು. ಕೊನೆಯ ಸಾಲು ಪ್ರತಿ ವರ್ಷ ಒಂದೇ. ಯಾರೋ ಒಬ್ಬರು ಲೆಕ್ಕಕ್ಕಿಂತ ಹೆಚ್ಚು ಕೊಟ್ಟು, ಕೂಲಿ ಹುಡುಕಿಕೊಂಡು ಊರು ಬಿಟ್ಟಿದ್ದರಂತೆ. ಅವರಿಗೆ ‘ಕೊಡತಕ್ಕದ್ದು 3 ರೂಪಾಯಿ 12 ಆಣೆ’. 1957ರಲ್ಲಿ ನಯಾ ಪೈಸೆ ಬಂದ ಮೇಲೆ ಆ ಸಾಲು ‘3 ರೂಪಾಯಿ 75 ಪೈಸೆ’ ಆಯಿತು, ಅಷ್ಟೇ. ಆ ಮನುಷ್ಯ ಮರಳಿ ಬರಲಿಲ್ಲ. ತಾತ ಆ ಸಾಲನ್ನು ಬಿಡಲೂ ಇಲ್ಲ. ಅಂಗಡಿಯಲ್ಲಿ ಕುಬೇರನ ಪಟವಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಮ್ಮ ಕೋಲಾರ ಜಿಲ್ಲೆ ಇಂಥ ಲೆಕ್ಕ ಇಟ್ಟಿದ್ದರೆ! ಕುಬೇರನ ಮನೆ ಎಲ್ಲಾದರೂ ಇದ್ದಿದ್ದರೆ ಅದು ಕೆಜಿಎಫ್‌ನ ನೆಲದಡಿಯೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದರಿಂದ ಹಿಡಿದು 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬೀಳುವವರೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅಗೆದೆವು, ಸುಮಾರು 800 ಟನ್ ಚಿನ್ನ ಮೇಲೆ ಬಂತು. ಗಣಿಗೆಂದು 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದಾಗ ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ವಿದ್ಯುದ್ದೀಪವಿರಲಿಲ್ಲ. ಇಂದು ಉಳಿದಿರುವುದು ಸೈನೈಡ್ ಮಣ್ಣಿನ ದಿಬ್ಬಗಳು, ಗಾಳಿ ಎದ್ದರೆ ಮನೆಯೊಳಗೆ ಬರುವ ದೂಳು. ಆ ಬೆಂಗಳೂರು ಈಗ ನಮಗೆ ಏನು ಕೊಡುತ್ತಿದೆ? 2018ರಿಂದ ಕೆ.ಸಿ. ವ್ಯಾಲಿಯ (ಕೋರಮಂಗಲ–ಚಲ್ಲಘಟ್ಟ ಕಣಿವೆಯ) ಕೊಳವೆಯಲ್ಲಿ ತನ್ನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದೆ. ಮೂರನೆಯ ಹಂತ ಮಾಡಿ ಎಂದು ಕೇಳುತ್ತಲೇ ಇದ್ದೇವೆ. ಕೊಳವೆಬಾವಿಯಲ್ಲಿ ನೀರು ಬಂತು ಎಂದು ಸಂತೋಷಪಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಹಿರಿಯರು ಕಟ್ಟಿದ ಕೆರೆಗೆ ಹೂಳೆತ್ತದೆ, ರಾಜಕಾಲುವೆಯ ಮೇಲೆ ಸೈಟು ಮಾಡಿ ಮಾರಿಕೊಂಡವರು ನಾವೇ. ಚಿನ್ನ ಹೋದದ್ದನ್ನು ಪರದೇಶದವರ ಲೆಕ್ಕಕ್ಕೆ ಬರೆಯೋಣ, ಕೆರೆಯನ್ನು ಯಾರ ಲೆಕ್ಕಕ್ಕೆ ಬರೆಯೋಣ?

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತಲ್ಲ, ಆಗ ನನ್ನ ಸೋದರಮಾವನ ಮಗ ಕಾರು ತಂದ. ಸಿಹಿ ಹಂಚುತ್ತಾ ‘ಕುಬೇರ ಕಣ್ಣು ಬಿಟ್ಟ’ ಎಂದ. ಕುಬೇರನಿಗೆ ಏಕಾಕ್ಷಿಪಿಂಗಳ ಎಂಬ ಹೆಸರೂ ಇದೆ, ಪಾರ್ವತಿಯನ್ನು ದಿಟ್ಟಿಸಿದ್ದಕ್ಕೆ ಒಂದು ಕಣ್ಣು ಹೋದವನು; ಬಿಟ್ಟ ಕಣ್ಣು ಯಾವುದೋ ನೋಡಿಕೋ ಎಂದು ನಾನು ಅಂದದ್ದು ಅವನಿಗೆ ಹಿಡಿಸಲಿಲ್ಲ. ಮರುವರ್ಷ ಹಣ್ಣನ್ನು ರಸ್ತೆಗೆ ಸುರಿದ. ಕಾರಿನ ಕಂತು ಇನ್ನೂ ಇದೆ.

ನಿಮ್ಮ ಊರಿನವರೇ ಆದ ಡಿ.ವಿ.ಜಿ.ಯವರನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. 1970ರಲ್ಲಿ ಬೆಂಗಳೂರಿನ ನಾಗರಿಕರು ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿಯ ನಿಧಿ ಕೊಟ್ಟರು. ಅಷ್ಟನ್ನೂ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ಮುಳಬಾಗಿಲಿನ ಮಣ್ಣಿಗೆ ಲೆಕ್ಕ ಚುಕ್ತಾ ಮಾಡುವ ಗುಣ ಇದೆ. ಪಾತ್ರೆ ಅಂಗಡಿಯವರಿಗೂ ಅದು ಬಂದಿರಲೇಬೇಕು.

ಕುಬೇರನನ್ನು ತೂಕಕ್ಕೆ ಹಾಕಬೇಡಿ. ಗೋಡೆಯಿಂದ ಇಳಿಸಿ ಗಲ್ಲಾಪೆಟ್ಟಿಗೆಯ ಪಕ್ಕ, ಲೆಕ್ಕದ ಪುಸ್ತಕದ ಮೇಲೆ ಕೂರಿಸಿ. ಹಾಳೆ ಹಾರದಂತೆ ಹಿಡಿದುಕೊಳ್ಳುತ್ತಾನೆ. ಯಂತ್ರವನ್ನು ಮಗನ ಕೈಗೆ ಕೊಡಿ. ಅದರ ಒಂಬತ್ತು ಮನೆಗಳಲ್ಲಿರುವ ಅಂಕಿಗಳನ್ನು ಸಾಲುಸಾಲಾಗಿ ಓದಲಿ: 27, 20, 25. 22, 24, 26. 23, 28, 21. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ 72. ಹುಡುಗನಿಗೆ ಇಷ್ಟವಾದೀತು.

ಅಂದಹಾಗೆ, ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯ ಚಂದಾ ಪುಸ್ತಕವನ್ನೂ ತೆಗೆಸಿದೆ. ಎರಡು ವರ್ಷದ ಚಂದಾ ಬಾಕಿ ಇದೆ. ಪತ್ರಿಕೆಯನ್ನು ನಾವು ನಿಲ್ಲಿಸಿಲ್ಲ. ಅದಕ್ಕೂ ಹಿಂದೆ ನೀವು 20 ರೂಪಾಯಿ ಹೆಚ್ಚು ಕಳಿಸಿದ್ದೂ ಅದರಲ್ಲೇ ಇದೆ. ಅಷ್ಟನ್ನು ಕಳೆದು ಉಳಿದದ್ದನ್ನು ಕಳಿಸಿ.