ವ್ಯಾಗ್ನರ್ ಕಾರ್ಡಿನ ದಂತಕತೆಯಲ್ಲಿ ನಿಜವೆಷ್ಟು?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಹಳೆಯ ಸಾಮಾನು ಮಾರುವವರೊಬ್ಬರ ಬಳಿ ಹಳೆಯ ಕಾಲದ ಆಟಗಾರ ಹೋನಸ್ ವ್ಯಾಗ್ನರ್‌ನ ಬೇಸ್‌ಬಾಲ್ ಕಾರ್ಡ್ (ಆಟಗಾರನ ಚಿತ್ರವಿರುವ ಪುಟ್ಟ ರಟ್ಟು) ಇದೆ. ವ್ಯಾಗ್ನರ್‌ಗೆ ತಂಬಾಕು ಕಂಡರೆ ಆಗುತ್ತಿರಲಿಲ್ಲ, ಅದಕ್ಕೇ ಮುದ್ರಣ ನಿಲ್ಲಿಸಿದ, ಹಾಗಾಗಿ ಅಪರೂಪ ಎನ್ನುತ್ತಾರೆ. ಇನ್ನೊಬ್ಬ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡುಗಳನ್ನು ಸಮುದ್ರಕ್ಕೆ ಸುರಿದರಂತೆ. ಇದೆಲ್ಲ ನಿಜವೇ? ಅಸಲಿ ಕಾರ್ಡನ್ನು ಗುರುತಿಸುವುದು ಹೇಗೆ?

ಉತ್ತರ: ಅರ್ಧ ನಿಜ. ವ್ಯಾಗ್ನರ್ ಒಪ್ಪಿಗೆ ಕೊಡಲಿಲ್ಲ ಎಂಬುದಕ್ಕೆ ಆಧಾರವಿದೆ. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಇಟ್ಟು ಹಂಚಿದ ಈ ಕಾರ್ಡಿನ ಸರಣಿಯನ್ನು ಸಂಗ್ರಾಹಕರು ಟಿ206 ಎನ್ನುತ್ತಾರೆ. ಒಪ್ಪಿಗೆ ತಂದುಕೊಟ್ಟರೆ ತನಗೆ 10 ಡಾಲರ್ ಸಿಗುತ್ತದೆಂದು ಪಿಟ್ಸ್‌ಬರ್ಗ್‌ನ ಕ್ರೀಡಾ ಪತ್ರಕರ್ತ ಜಾನ್ ಗ್ರೂಬರ್ ವ್ಯಾಗ್ನರ್‌ಗೆ ಬರೆದಿದ್ದರು. ಸಿಗರೇಟ್ ಪ್ಯಾಕಿನಲ್ಲಿ ನನ್ನ ಚಿತ್ರ ಬೇಡ ಎಂದ ವ್ಯಾಗ್ನರ್, ಗ್ರೂಬರ್‌ಗೆ ನಷ್ಟವಾಗಬಾರದೆಂದು 10 ಡಾಲರ್‌ನ ಚೆಕ್ಕನ್ನು ತಾನೇ ಕಳಿಸಿದನೆಂದು 1912ರಲ್ಲಿ ‘ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ವರದಿ ಮಾಡಿತು.

ಆದರೆ ‘ತಂಬಾಕು ದ್ವೇಷಿ’ ಎಂಬ ಮಾತು ನಿಲ್ಲುವುದಿಲ್ಲ. ವ್ಯಾಗ್ನರ್ ತಂಬಾಕು ಅಗಿಯುತ್ತಿದ್ದ. ಅವನ ಹೆಸರಿನಲ್ಲಿ ಸಿಗಾರ್‌ಗಳೂ ಮಾರಾಟವಾಗಿದ್ದವು. ಮುದ್ರಣ ಬೇಗ ನಿಂತದ್ದರಿಂದಲೇ ಅದು ಅಪರೂಪ: ಈಗ ಲೋಕದಲ್ಲಿ ಗೊತ್ತಿರುವುದು ಸುಮಾರು 60 ಪ್ರತಿ ಮಾತ್ರ. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆ ಬೆಲೆಯ ಆಸೆಗೆ ನಕಲಿಗಳು ಲೆಕ್ಕವಿಲ್ಲದಷ್ಟು ಹುಟ್ಟಿವೆ. ಹಾಗಾಗಿ ಕತೆ ಬದಿಗಿಟ್ಟು ಕಾಗದ, ಶಾಯಿ ನೋಡಿ.

10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಮೊದಲು ಕೆಳಗಿನ ಹೆಸರನ್ನು ನೋಡಿ. ಅಸಲಿಯಲ್ಲಿ ಅಕ್ಷರಗಳು ಒಂದೇ ಕಂದು ಶಾಯಿಯಲ್ಲಿ ತುಂಬಿಕೊಂಡಿರುತ್ತವೆ. ಫೋಟೊ ತೆಗೆದು ಅಚ್ಚು ಹಾಕಿದ ನಕಲಿಯಲ್ಲಿ ಅದೇ ಅಕ್ಷರ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ. ಅಲ್ಲಿರುವ ಅವನ ತಂಡದ ಊರು ಪಿಟ್ಸ್‌ಬರ್ಗ್‌ನ ಇಂಗ್ಲಿಷ್ ಹೆಸರಿನ ಕೊನೆಯಲ್ಲಿ ‘ಎಚ್’ ಇರಬಾರದು (Pittsburg). ಆ ಕಾಲದ ಅಧಿಕೃತ ಕಾಗುಣಿತವೇ ಹಾಗಿತ್ತು. ಹಿಂಬದಿಯಲ್ಲಿ ಸ್ವೀಟ್ ಕ್ಯಾಪೊರಲ್ ಅಥವಾ, ಬಹಳ ವಿರಳವಾಗಿ, ಪೀಡ್‌ಮಂಟ್ ಸಿಗರೇಟಿನ ಜಾಹೀರಾತು ಇರಬೇಕು. ಬೇರೆ ಬ್ರ್ಯಾಂಡ್ ಕಂಡರೆ ಅಲ್ಲಿಗೇ ಬಿಡಿ.

ಆಮೇಲೆ ಕತ್ತಲ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ಟಾರ್ಚ್ ಹಾಯಿಸಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪು ರಾಸಾಯನಿಕ ಇದೆ. 1909ರ ಕಾಗದದಲ್ಲಿ ಅದಿರಲು ಸಾಧ್ಯವಿಲ್ಲ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು, ಹಳೆಯ ಖಾಲಿ ಹಾಳೆಯ ಮೇಲೂ ಮುದ್ರಿಸುತ್ತಾರೆ.

ಅಂಚು ಕತ್ತರಿಸಿದ್ದಾರೆಯೇ ಎಂದೂ ನೋಡಬೇಕು. ಅಳತೆ ಸುಮಾರು 36.5 × 66.7 ಮಿ.ಮೀ., ಆಗಿನ ಕತ್ತರಿಸುವಿಕೆಯಲ್ಲೇ ಸ್ವಲ್ಪ ಹೆಚ್ಚುಕಡಿಮೆ ಇತ್ತು. ಆದ್ದರಿಂದ ಅಳತೆಗಿಂತ ಅಂಚನ್ನೇ ನಂಬಿ: ಮೈಯೆಲ್ಲ ಸವೆದು ಒಂದು ಅಂಚು ಮಾತ್ರ ಹೊಸ ಬ್ಲೇಡಿನಂತೆ ಚೂಪಾಗಿದ್ದರೆ ಅನುಮಾನಿಸಿ. ಕಾರ್ಡನ್ನು ಪರೀಕ್ಷಿಸಿ, 10ಕ್ಕೆ ಇಷ್ಟು ಎಂದು ಅಂಕ ಕೊಟ್ಟು ಸಂಸ್ಥೆಗಳು ಮುಚ್ಚಿಕೊಡುವ ಗ್ರೇಡಿಂಗ್ ಪೆಟ್ಟಿಗೆಯೂ ಪೂರ್ತಿ ರಕ್ಷೆಯಲ್ಲ. ಹಿಂದೆ ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಒಡೆತನದಲ್ಲಿದ್ದ, 8 ಅಂಕ ಪಡೆದ ಅತ್ಯಂತ ಪ್ರಸಿದ್ಧ ವ್ಯಾಗ್ನರ್ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹರಾಜುಗಾರ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ.

ಇನ್ನು ಮ್ಯಾಂಟಲ್. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್‌ಗೆ ಸುರಿದೆವೆಂದು ಆ ಕಾರ್ಡುಗಳನ್ನು ತಂದ ಟಾಪ್ಸ್ ಕಂಪನಿಯ ಸೈ ಬರ್ಗರ್ ಹೇಳುತ್ತಿದ್ದರು; ಕತೆಯ ಮೂಲ ಅವರ ಮಾತೇ. ಆದರೆ 311ನೇ ಸಂಖ್ಯೆಯ ಈ ಕಾರ್ಡು ಆ ಕಂತಿನ ಹಾಳೆಯಲ್ಲಿ ಎರಡು ಬಾರಿ ಅಚ್ಚಾಗಿತ್ತು, ಅಂದರೆ ಪಕ್ಕದ ಎಷ್ಟೋ ಕಾರ್ಡುಗಳಿಗಿಂತ ಹೆಚ್ಚು. ಒಂದೇ ಗ್ರೇಡಿಂಗ್ ಸಂಸ್ಥೆ 1,500ಕ್ಕೂ ಹೆಚ್ಚು ಪ್ರತಿಗಳನ್ನು ಪರೀಕ್ಷಿಸಿದೆ. ಇದು ಮ್ಯಾಂಟಲ್‌ನ ಮೊದಲ ಕಾರ್ಡೂ ಅಲ್ಲ. ಅದು ಬೋಮನ್ ಕಂಪನಿಯ 1951ರ 253ನೇ ಸಂಖ್ಯೆಯ ಕಾರ್ಡು. ಬೆಲೆ ಏರಿಸಿದ್ದು ಬೇಡಿಕೆ ಮತ್ತು ಚೊಕ್ಕ ಪ್ರತಿಗಳ ಅಭಾವ.

ಮ್ಯಾಂಟಲ್ ಕಾರ್ಡಿಗೆ ಸ್ಕೇಲ್ ಹಿಡಿದರೆ ಸಾಕಷ್ಟು ತಿಳಿಯುತ್ತದೆ. ಅಸಲಿ ಸುಮಾರು 66.7 × 95.3 ಮಿ.ಮೀ., ಟಾಪ್ಸ್ ತಾನೇ 1983ರಲ್ಲಿ ತಂದ ಮರುಮುದ್ರಣ 63.5 × 88.9. ಮರುಮುದ್ರಣದ ಹಿಂಬದಿಯಲ್ಲಿ ಹಾಗೆಂದೇ ಅಚ್ಚಾಗಿರುತ್ತದೆ. ಯಾರಾದರೂ ಅದನ್ನು ಉಜ್ಜಿ ಅಳಿಸಿದ್ದರೆ, ಓರೆ ಬೆಳಕಿನಲ್ಲಿ ಆ ಜಾಗದ ಕಾಗದ ಒರಟಾಗಿ ಎದ್ದು ಕಾಣುತ್ತದೆ.