ಕುರ್ತಾದ ಬೆನ್ನಿಗೆ ಬೆನ್ನುಮೂಳೆ

ಪ್ರಶ್ನೆ: ಹೊಲಿಗೆ ಕಲಿಯುತ್ತಿರುವ ನನಗೆ ಕಪ್ಪು ಕುರ್ತಾದ ಬೆನ್ನ ಮೇಲೆ ಬೆನ್ನುಮೂಳೆಯ ವಿನ್ಯಾಸ ಮಾಡುವ ಆಸೆ. ಮನೆಯಲ್ಲಿ ಅಪಶಕುನ ಎನ್ನುತ್ತಾರೆ. ಹೆಸರಾಂತ ವಿನ್ಯಾಸಕರು ಇಂಥದ್ದನ್ನು ಮಾಡಿದ್ದುಂಟೇ? ಹೊಲಿಯುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ ಮಾಡಿದ್ದಾರೆ. ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ ಅವರು ಚಿತ್ರಕಾರ ಸಾಲ್ವಡಾರ್ ಡಾಲಿಯವರ ಜೊತೆಗೂಡಿ 1938ರಲ್ಲಿ ರೂಪಿಸಿದ ‘ಅಸ್ಥಿಪಂಜರ ಉಡುಪು’ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಕಪ್ಪು ರೇಷ್ಮೆ ಕ್ರೇಪಿನ ಆ ಉಡುಪಿನಲ್ಲಿ ಎರಡು ಪದರಗಳನ್ನು ಮೂಳೆಯ ಆಕಾರಕ್ಕೆ ಹೊಲಿದು, ನಡುವೆ ಹತ್ತಿ ತುಂಬಿ, ಪಕ್ಕೆಲುಬುಗಳು ಉಬ್ಬಿ ಕಾಣುವಂತೆ ಮಾಡಲಾಗಿದೆ. ವಿನ್ಯಾಸಕ ಅಲೆಕ್ಸಾಂಡರ್ ಮ್ಯಾಕ್‌ಕ್ವೀನ್ ಅವರ 1998ರ ಉಡುಪು ಸಂಗ್ರಹಕ್ಕೆ ಆಭರಣಕಾರ ಶಾನ್ ಲೀನ್ ಮಾಡಿಕೊಟ್ಟ ಅಲ್ಯೂಮಿನಿಯಂ ಬೆನ್ನುಮೂಳೆಯೂ ಪ್ರಸಿದ್ಧವೇ, ಆದರೆ ನಿಮ್ಮ ಹೊಲಿಗೆ ಯಂತ್ರಕ್ಕೆ ಒಗ್ಗುವುದು ಮೊದಲನೆಯ ವಿಧಾನ.

ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5 ಕಶೇರುಮಣಿಗಳು (ಬೆನ್ನುಮೂಳೆಯ ಬಿಡಿ ಎಲುಬುಗಳು) ಇದ್ದು, ಕೆಳಗಿಳಿದಂತೆ ಅವು ದಪ್ಪವಾಗುತ್ತವೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಬರೆದರೆ ಬೆನ್ನುಮೂಳೆ ಜಿಪ್ಪಿನಂತೆ ಕಾಣುತ್ತದೆ. ಆದ್ದರಿಂದ ಹತ್ತಿರದ ಪಿಯು ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಅಸ್ಥಿಪಂಜರದ ಮಾದರಿಯಿದ್ದರೆ, ಅನುಮತಿ ಪಡೆದು ಅದನ್ನು ನೋಡಿಯೇ ಚಿತ್ರ ಬರೆದುಕೊಳ್ಳಿ. ಎರಡು ಪದರಗಳನ್ನು ಆ ಚಿತ್ರದ ಗೆರೆಗುಂಟ ಹೊಲಿದ ಮೇಲೆ ಒಳಪದರಕ್ಕೆ ಸಣ್ಣ ಸೀಳು ಕೊಟ್ಟು, ಸ್ವೆಟರ್ ಹೆಣೆಯುವ ಕಡ್ಡಿಯಿಂದ ತುಂಬಿ, ಸೀಳನ್ನು ಕೈಹೊಲಿಗೆಯಲ್ಲಿ ಮುಚ್ಚಿ. ನಮ್ಮ ಮಳೆಗಾಲದಲ್ಲಿ ಹತ್ತಿ ಬೇಗ ಒಣಗದೆ ಬೂಷ್ಟು ಹಿಡಿಯುವುದರಿಂದ ಪಾಲಿಯೆಸ್ಟರ್ ನಾರೇ ಲೇಸು.

ಅಪಶಕುನದ ಮಾತಿಗೆ, ರುಂಡಮಾಲೆ ಧರಿಸಿದ ಕಾಳಿಗೆ ಕೈಮುಗಿಯುವವರು ನಾವು ಎಂದು ಮನೆಯವರಿಗೆ ಮೆಲ್ಲನೆ ನೆನಪಿಸಬಹುದು. ಆದರೂ ಮದುವೆಮನೆಗೆ ಬೇರೆ ಕುರ್ತಾ ಇರಲಿ.