ಚಂದ್ರನ ಮೇಲೆ ಬಿಸಿಲಿದೆ, ಮರೀಬೇಡಿ

ಪ್ರಶ್ನೆ: ಸರ್, ಹುಣ್ಣಿಮೆ ರಾತ್ರಿ ತಾರಸಿ ಮೇಲೆ ನಿಂತು ಮೋಡದ ನಡುವಿನ ಚಂದ್ರನ ಫೋಟೋ ತೆಗೆದೆ. ಬಂದಿದ್ದು ಬರೀ ಬಿಳಿ ಬಲ್ಬು. ನನ್ನ ಹತ್ತಿರ ಇರೋದು 18–55 ಲೆನ್ಸ್. ದೊಡ್ಡ ಲೆನ್ಸ್ ಕೊಳ್ಳಲೇಬೇಕಾ?
– ಓದುಗ, ಮಂಡ್ಯ

ಉತ್ತರ: ಈಗಲೇ ದುಡ್ಡು ಬಿಚ್ಚಬೇಡಿ. ರಾತ್ರಿ ನಮಗೆ ಮಾತ್ರ. ಚಂದ್ರನ ಮೇಲೆ ಆಗ ಚೆನ್ನಾಗಿ ಬಿಸಿಲು ಬಿದ್ದಿರುತ್ತದೆ. ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನೇ ಲೆಕ್ಕಕ್ಕೆ ಹಿಡಿದು ಬೆಳಕು ಜಾಸ್ತಿ ಎಳೆದುಕೊಳ್ಳುತ್ತದೆ, ಚಂದ್ರ ಓವರ್ ಆಗಿಬಿಡುತ್ತಾನೆ, ಅಂದರೆ ಬೆಳಕು ಹೆಚ್ಚಾಗಿ ಬರೀ ಬಿಳಿ. ಆಟೋ ಬಿಟ್ಟು ಮ್ಯಾನುಯಲ್‌ಗೆ ಬನ್ನಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಂಕಿ) 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್/11, ಶಟರ್ (ಬೆಳಕು ಒಳಬಿಡುವ ಹೊತ್ತು) 1/125 ಸೆಕೆಂಡ್. ಹುಣ್ಣಿಮೆಗೆ ಇಷ್ಟು ಸಾಕು. ಅಷ್ಟಮಿ ಚಂದ್ರನಾದರೆ ಶಟರ್ 1/30ಕ್ಕೆ ಇಳಿಸಿ. ಹಳ್ಳ ಗುಳಿಗಳು ಕಾಣಬೇಕಿದ್ದರೆ ನನ್ನ ಪ್ರಕಾರ ಅಷ್ಟಮಿಯೇ ವಾಸಿ. ಹುಣ್ಣಿಮೆಯಲ್ಲಿ ಬಿಸಿಲು ನೇರ ಎದುರಿನಿಂದ ಬೀಳುತ್ತದೆ, ನೆರಳೇ ಇರುವುದಿಲ್ಲ.

ಇನ್ನು ಲೆನ್ಸ್. ಫೋಕಲ್ ಲೆಂಗ್ತನ್ನು, ಅಂದರೆ ಲೆನ್ಸ್ ಮೇಲೆ ಬರೆದಿರುವ ಎಂಎಂ ಅಂಕಿಯನ್ನು, 110ರಿಂದ ಭಾಗಿಸಿ. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ಮೇಲೆ ಚಂದ್ರ ಹೆಚ್ಚುಕಮ್ಮಿ ಅಷ್ಟು ಮಿಲಿಮೀಟರ್ ಬರುತ್ತಾನೆ. ನಿಮ್ಮ 55ರಲ್ಲಿ ಅರ್ಧ ಮಿಲಿಮೀಟರ್, ಅಂದರೆ ಚುಕ್ಕಿ. ಹಾಗಾಗಿ ಸದ್ಯಕ್ಕೆ ಚಂದ್ರನನ್ನು ಬಿಟ್ಟು ಮೋಡವನ್ನು ಹಿಡಿಯಿರಿ. ಮೇಲೆ ಹೇಳಿದ ಲೆಕ್ಕದಲ್ಲಿ ಮೋಡ ಕಪ್ಪಾಗಿ ಮಾಯವಾಗುತ್ತದೆ, ಅದಕ್ಕೆ ಬೇರೆ ಲೆಕ್ಕ ಬೇಕು. ದಪ್ಪ ಮೋಡದ ಹಿಂದೆ ಚಂದ್ರ ಅಡಗಿದಾಗ ಅಂಚುಗಳು ಬೆಳಗುತ್ತವಲ್ಲ, ಆಗ ಐಎಸ್‌ಒ 800, ಎಫ್/5.6, ಶಟರ್ ಅರ್ಧ ಸೆಕೆಂಡ್‌ನಿಂದ ಶುರು ಮಾಡಿ, ನೋಡಿಕೊಂಡು ಬದಲಿಸಿ. ಚಂದ್ರನ ಮುಖವೂ ಮೋಡವೂ ಒಂದೇ ಫ್ರೇಮಿನಲ್ಲಿ ಬೇಕು ಅಂದರೆ ತೆಳು ಮೋಡ ಅವನ ಮೇಲೆ ಹಾದು ಹೋಗುವ ತನಕ ಕಾಯಿರಿ. ಎರಡು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಸೇರಿಸುವವರೂ ಇದ್ದಾರೆ. ನನಗೆ ಕಾಯುವುದೇ ಇಷ್ಟ. ಆಷಾಢದಲ್ಲಿ ಮದುವೆ ಇಲ್ಲ, ಮೈಸೂರಿನ ನನ್ನ ಸ್ಟುಡಿಯೊ ಖಾಲಿ, ಮೋಡವೋ ಪಡುವಣದಿಂದ ಓಡೋಡಿ ಬರುತ್ತಿರುತ್ತದೆ.

ಟ್ರೈಪಾಡ್ ಇಲ್ಲವೇ? ಬಟ್ಟೆ ಚೀಲಕ್ಕೆ ರಾಗಿ ತುಂಬಿ ಪ್ಯಾರಪೆಟ್ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ. 2 ಸೆಕೆಂಡ್ ಟೈಮರ್ ಹಾಕಿ ಕೈ ತೆಗೆಯಿರಿ.

ಪ್ರಶ್ನೆ: ಚಾಮುಂಡಿ ಬೆಟ್ಟದ ಹಿಂದಿನಿಂದ ಹುಣ್ಣಿಮೆ ಚಂದ್ರ ಏಳುವುದನ್ನು ತೆಗೆಯುವ ಆಸೆ. ಡಿಸೆಂಬರ್‌ನಲ್ಲಿ ಮನೆ ಮಹಡಿಯಲ್ಲಿ ಕಾದೆ. ಅವನು ಎಲ್ಲೋ ಎಡಕ್ಕೆ ಹುಟ್ಟಿದ!
– ಓದುಗಿ, ಕುವೆಂಪುನಗರ, ಮೈಸೂರು

ಉತ್ತರ: ತಿಂಗಳು ತಪ್ಪಿತು ಅಷ್ಟೇ ತಾಯಿ. ಹುಣ್ಣಿಮೆ ಚಂದ್ರ ಸೂರ್ಯನಿಗೆ ಉಲ್ಟಾ. ಚಳಿಗಾಲದಲ್ಲಿ ಈಶಾನ್ಯದ ಕಡೆ ಹುಟ್ಟುತ್ತಾನೆ, ಬೇಸಿಗೆಯಲ್ಲಿ ಆಗ್ನೇಯದ ಕಡೆ. ನಿಮ್ಮ ಮನೆಯಿಂದ ಬೆಟ್ಟ ಇರುವುದು ಪೂರ್ವದಿಂದ ಸ್ವಲ್ಪ ಬಲಕ್ಕೆ. ಮೇ ತಿಂಗಳ ಹುಣ್ಣಿಮೆಗೆ ಕಾಯಿರಿ. ಹುಣ್ಣಿಮೆಯ ಹಿಂದಿನ ಸಂಜೆಯೇ ಶುರು ಮಾಡಿದರೆ ಇನ್ನೂ ಒಳ್ಳೆಯದು. ಆ ದಿನ ಸುಮಾರು 50 ನಿಮಿಷ ಮೊದಲೇ ಹುಟ್ಟುತ್ತಾನೆ. ಬೆಟ್ಟ ದಾಟಿ ಬರುವಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತು, ಬೆಟ್ಟದ ಹಸಿರೂ ಕಾಣುತ್ತದೆ, ಚಂದ್ರನೂ ಓವರ್ ಆಗುವುದಿಲ್ಲ. ಹುಣ್ಣಿಮೆಯ ಮಾರನೇ ದಿನ ಹೋದರೆ ಬೆಟ್ಟ ಪೂರ್ತಿ ಕಪ್ಪು.

ಪ್ರಶ್ನೆ: ಮೊಬೈಲ್‌ನಲ್ಲಿ ತೆಗೆದರೆ ಚಂದ್ರನ ಸುತ್ತ ದೊಡ್ಡ ಉಂಗುರ ಬಂತು. ಲೆನ್ಸ್ ಕೆಟ್ಟಿದೆಯಾ?
– ಓದುಗ, ಶ್ರೀರಂಗಪಟ್ಟಣ

ಉತ್ತರ: ಮೊದಲು ಹೆಬ್ಬೆರಳಿನಿಂದ ಚಂದ್ರನನ್ನು ಮುಚ್ಚಿ ಬರಿಗಣ್ಣಲ್ಲಿ ನೋಡಬೇಕಿತ್ತು. ಉಂಗುರ ಆಗಲೂ ಕಂಡರೆ ಅದು ಆಕಾಶದ್ದೇ. ತುಂಬಾ ಎತ್ತರದ ತೆಳು ಮೋಡದಲ್ಲಿ ಸಣ್ಣ ಸಣ್ಣ ಹಿಮದ ಹರಳುಗಳಿರುತ್ತವೆ. ಬೆಳಕು ಅವುಗಳೊಳಗೆ ಹೊಕ್ಕು 22 ಡಿಗ್ರಿ ಬಾಗಿ ಬರುತ್ತದೆ. ಕೈ ಪೂರ್ತಿ ಚಾಚಿ ಒಂದು ಗೇಣು ಹಿಡಿಯಿರಿ, ಚಂದ್ರನಿಂದ ಉಂಗುರಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರ. ಇಷ್ಟು ಅಗಲದ್ದು ನನ್ನ 300 ಎಂಎಂ ಲೆನ್ಸಿಗೆ ಸಿಗುವುದೇ ಇಲ್ಲ, ಇದಕ್ಕೆ ಮೊಬೈಲೇ ಸರಿ. ಇನ್ನೊಮ್ಮೆ ಕಂಡರೆ ಜೂಮ್ ಮಾಡಬೇಡಿ. ಚಂದ್ರನನ್ನು ತೆಂಗಿನ ಗರಿಯ ಮರೆಗೆ ಇಟ್ಟು ನೈಟ್ ಮೋಡ್‌ನಲ್ಲಿ ತೆಗೆಯಿರಿ, ಉಂಗುರ ಎದ್ದು ಕಾಣುತ್ತದೆ.